ಪಾಕ ನೋಡಿದ ಬೆರಳು

ಶಿವಮೊಗ್ಗೆಯಿಂದ ಬಂದಿದ್ದ ಪರಿಚಯಸ್ಥರು ಮೊದಲು ಅಡಿಕೆ ಧಾರಣೆ ಹೇಳಿದರು. ಆಮೇಲೆ ತುಂಗೆಯಲ್ಲಿ ಈ ಸಲ ನೀರು ಎಲ್ಲಿಯವರೆಗೆ ಏರಿತ್ತೆಂದು ಹೇಳಿದರು. ಕಾಫಿ ಕುಡಿದು, ಲೋಟ ಬೋರಲು ಹಾಕಿ, ಚಪ್ಪಲಿ ಮೆಟ್ಟಿಕೊಳ್ಳುವಾಗ, "ಅಂದ ಹಾಗೆ ಮೇಷ್ಟ್ರೇ, ನಿಮ್ಮ ದೊಡ್ಡಮ್ಮ ಹೋಗಿಬಿಟ್ರಂತೆ" ಎಂದರು. ದೊಡ್ಡ ಸುದ್ದಿಯನ್ನು ಹೊಸಿಲ ಹತ್ತಿರ ಹೇಳುವುದು ನಮ್ಮ ಕಡೆಯ ಪದ್ಧತಿ. ಹೇಳಿದವರಿಗೆ ಕೇಳಿದವರ ಮುಖ ನೋಡುವ ಕಷ್ಟವಿಲ್ಲ, ಕೇಳಿದವರಿಗೆ ಇನ್ನೊಂದು ಲೋಟ ಕಾಫಿ ಮಾಡಿಸುವ ಕಷ್ಟವಿಲ್ಲ.

ಅವರು ನನಗೆ ದೊಡ್ಡಮ್ಮನೇನೂ ಅಲ್ಲ. ಶಿವಮೊಗ್ಗೆಯಲ್ಲಿ ಹೊಳೆಗೆ ಇಳಿಯುವ ಆ ಬೀದಿಯಲ್ಲಿ ಯಾರಿಗೂ ಅವರು ಸಂಬಂಧದಿಂದ ದೊಡ್ಡಮ್ಮ ಆಗುತ್ತಿರಲಿಲ್ಲ. ಆದರೂ ಹಾಲಿನವನಿಂದ ಅಮಲ್ದಾರರ ಮನೆಯವರ ತನಕ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಅವರ ಯಜಮಾನರು ಬಜಾರಿನಲ್ಲಿ ಬೆಲ್ಲದ ಮಂಡಿ ಇಟ್ಟಿದ್ದರು. ಗಂಡುಮಕ್ಕಳಿಬ್ಬರು ಬೆಳೆದು ಅದೇ ಮಂಡಿಯಲ್ಲಿ ಕೂರುತ್ತಿದ್ದರು. ನಾನು ಮಿಡ್ಲ್ ಸ್ಕೂಲಿನ ಮೇಷ್ಟ್ರಾಗಿ ಆ ಊರಿಗೆ ಹೋದಾಗ ಅವರ ಮನೆಯ ಮುಂಭಾಗದ ಕೋಣೆಯಲ್ಲಿ ಬಾಡಿಗೆಗಿದ್ದೆ. ಯುದ್ಧಕ್ಕೆ ಮುಂಚಿನ ಮಾತು. ಸಕ್ಕರೆಗೆ ಕಾರ್ಡು ಹಿಡಿದು ಸಾಲಿನಲ್ಲಿ ನಿಲ್ಲುವ ಭಾಗ್ಯ ನಮಗಿನ್ನೂ ಬಂದಿರಲಿಲ್ಲ.

ದೊಡ್ಡಮ್ಮನದು ಅಗಲವಾದ ಮೈ. ಅದಕ್ಕಿಂತ ಅಗಲವಾದ ದನಿ. ಸೊಂಟದಲ್ಲಿ ಬೀಗದ ಕೈ ಗೊಂಚಲು. ಅದು ಸದ್ದಾದರೆ ಮಕ್ಕಳು ಎದ್ದು ನಿಲ್ಲುತ್ತಿದ್ದರು. ನಾನೂ ಒಂದೆರಡು ಸಲ ಎದ್ದಿದ್ದೇನೆ. ಅವರ ಬಾಯಿಂದ "ಇರಬಹುದು" ಎಂಬ ಮಾತು ಕೇಳಿದವರಿಲ್ಲ. ಅವರ ಪ್ರಪಂಚದಲ್ಲಿ ಯಾವುದೇ ಆಗಲಿ ಸರಿ ಇತ್ತು, ಇಲ್ಲವೆ ತಪ್ಪಿತ್ತು. ನಡುವೆ ಇದ್ದದ್ದು ಅವರ ಯಜಮಾನರೊಬ್ಬರೇ.

ಕ್ರಿಸ್‌ಮಸ್ ರಜಕ್ಕೆ ಶಾಲೆ ಮುಚ್ಚಿದ ಮರುದಿನವೇ ದೊಡ್ಡಮ್ಮನ ಜಗಲಿಯಲ್ಲಿ ಇನ್ನೊಂದು ಶಾಲೆ ತೆರೆಯುತ್ತಿತ್ತು. ಹೊಳೆಯ ಕಡೆಯಿಂದ ಮಂಜು ಎದ್ದು ಬೀದಿ ತುಂಬಿರುತ್ತಿತ್ತು. ಅದರೊಳಗಿಂದ ಕಿವಿ ಮುಚ್ಚುವ ಹಾಗೆ ತಲೆಗೆ ಬಟ್ಟೆ ಕಟ್ಟಿದ ಮಕ್ಕಳು ಒಂದೊಂದಾಗಿ ಬಂದು ಮೆಟ್ಟಿಲೇರುತ್ತಿದ್ದವು. ಯಾರೂ ಕರೆಯುತ್ತಿರಲಿಲ್ಲ. ಸಂಕ್ರಾಂತಿಗೆ ಇಡೀ ಬೀದಿಗೆ ಬೇಕಾದ ಎಳ್ಳು, ಸಕ್ಕರೆ ಅಚ್ಚು ಆ ಜಗಲಿಯಲ್ಲಿ ಆಗಬೇಕು, ಅದನ್ನು ಮಕ್ಕಳೇ ಮಾಡಬೇಕು ಎಂಬುದು ಶಾಸನ. "ದೊಡ್ಡವರು ಮಾಡಿಕೊಟ್ರೆ ಅದು ತಿಂಡಿ. ಮಕ್ಕಳು ಮಾಡಿದ್ರೆ ಹಬ್ಬ" ಎನ್ನುತ್ತಿದ್ದರು.

ಆ ಜಗಲಿಯ ಆಡಳಿತ ವ್ಯವಸ್ಥೆಯನ್ನು ಕಂಡರೆ ನಮ್ಮ ವಿದ್ಯಾ ಇಲಾಖೆ ನಾಚಬೇಕು. ಅತಿ ಚಿಕ್ಕವರಿಗೆ ಕಡಲೆಕಾಯಿ. ಹುರಿದ ಬೀಜವನ್ನು ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಹಾಕಿ, ಊದಿ ಸಿಪ್ಪೆ ಹಾರಿಸಬೇಕು. ಸಿಪ್ಪೆ ತನ್ನ ಕಣ್ಣಿಗೆ ಬೀಳದ ಹಾಗೆ, ಪಕ್ಕದವನ ಕಣ್ಣಿಗೆ ಬೀಳುವ ಹಾಗೆ ಊದಲು ಬಂತೆಂದರೆ ಕೊಬ್ಬರಿಗೆ ಬಡ್ತಿ. ಕೊಬ್ಬರಿಯ ಕರಿ ಬೆನ್ನನ್ನು ಹೆರೆದು, ಬಿಳಿ ಭಾಗವನ್ನು ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ ಹೆಚ್ಚಬೇಕು. ಅದು ಕೈಗೆ ಬಂದವರಿಗೆ ಬೆಲ್ಲ ಮತ್ತು ಅಡಕತ್ತರಿ. ಎಲ್ಲಕ್ಕಿಂತ ಮೇಲಿನ ಹುದ್ದೆ ಸಕ್ಕರೆಯದು. ಅಲ್ಲಿಗೆ ತಲುಪುವಷ್ಟರಲ್ಲಿ ಕೆಲವರಿಗೆ ಮೀಸೆ ಬಂದುಬಿಡುತ್ತಿತ್ತು.

ಸಕ್ಕರೆ ಅಚ್ಚು ಮಾಡುವುದು ಮಕ್ಕಳಾಟವೇ, ಆದರೆ ಗಂಭೀರವಾಗಿ ಆಡಬೇಕಾದ ಆಟ. ಸಕ್ಕರೆಗೆ ನೀರಿಟ್ಟು ಕುದಿಸಿ, ಒಂದು ಸೌಟು ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಒದ್ದೆ ಮಲ್ಲು ಬಟ್ಟೆಯಲ್ಲಿ ಸೋಸಬೇಕು. ಮರದ ಅಚ್ಚುಗಳು, ಅಂದರೆ ಗಿಳಿ, ಆನೆ, ಮಂಟಪ, ಬೃಂದಾವನ ಇವೆಲ್ಲ, ಆಗಲೇ ನೀರಿನಲ್ಲಿ ನೆನೆದಿರಬೇಕು. ಒಣಗಿದ್ದರೆ ಸಕ್ಕರೆ ಕಚ್ಚಿಕೊಳ್ಳುತ್ತದೆ. ಆಮೇಲೆ ಸೋಸಿದ ಪಾಕವನ್ನು ಸ್ವಲ್ಪ ಸ್ವಲ್ಪವಾಗಿ ಬಾಣಲೆಗೆ ತೆಗೆದುಕೊಂಡು, ಕುದಿ ಬಂದಾಗ ಇಳಿಸಿ, ಬೆಳ್ಳಗಾಗುವ ತನಕ ತಿರುವಿ, ಸರಕ್ಕನೆ ಅಚ್ಚಿಗೆ ಹೊಯ್ಯಬೇಕು. ಹೊಯ್ಯುವುದು ಮಕ್ಕಳ ಕೆಲಸ. ಹದ ನೋಡುವುದು ಮಾತ್ರ ದೊಡ್ಡಮ್ಮನದು. ಬಾಣಲೆಯಿಂದ ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತೆಗೆದುಕೊಂಡು, ಎಳೆದು, ಕಣ್ಣಿನ ಹತ್ತಿರ ಹಿಡಿದು, ನ್ಯಾಯಾಧೀಶರು ಕಾಗದ ಓದಿದ ಹಾಗೆ ನೋಡಿ, "ಹೂಂ, ಇಳಿಸು" ಎನ್ನುತ್ತಿದ್ದರು. ಆ ಬೆರಳಿನ ಮೇಲೆ ಅಪೀಲಿರಲಿಲ್ಲ.

ರಜದಲ್ಲಿ ಬೇರೆ ತಿಂಡಿಗಳೂ ಇದ್ದವು. ಬಚ್ಚಲ ಒಲೆಯ ಬೂದಿಯಲ್ಲಿ ಗೆಣಸು ಹುಗಿದಿಟ್ಟು ಸ್ನಾನ ಮುಗಿಸಿ ತೆಗೆಯುವುದು. ಬೆಲ್ಲದ ಪಾಕಕ್ಕೆ ಪುರಿ ಸುರಿದು, ಕೈ ಒದ್ದೆ ಮಾಡಿಕೊಂಡು, ಬಿಸಿಬಿಸಿಯಾಗಿ ಉಂಡೆ ಕಟ್ಟುವುದು. ಅವನ್ನು ಮಾಡುತ್ತಲೇ ತಿನ್ನಬಹುದಿತ್ತು. ಸಂಕ್ರಾಂತಿಯದು ಮಾತ್ರ ಹಾಗಲ್ಲ. ಹಬ್ಬದ ಬೆಳಿಗ್ಗೆ ಈಶ್ವರನ ಗುಡಿಗೆ ಹೋಗಿ ದೇವರಿಗೆ ತೋರಿಸಿ ಬರುವ ತನಕ ಒಂದು ಚೂರು ಬೆಲ್ಲವೂ ಯಾರ ನಾಲಿಗೆಗೂ ತಾಗಬಾರದು. ತಾಗಿದರೆ ಎಂಜಲು. "ಮಾಡಿದ್ದನ್ನ ತಿನ್ನೋಕೆ ಎಲ್ಲರಿಗೂ ಬರುತ್ತೆ, ಮಾರಾಯ್ತಿ. ತಿನ್ನದೆ ಮಾಡೋಕೆ ಬರಬೇಕು."

ಈ ಶಾಸನವನ್ನು ಜಾರಿಗೊಳಿಸಲು ಅವರು ಕಂಡುಕೊಂಡಿದ್ದ ಉಪಾಯ ಮಗ್ಗಿ. ಕೈಗಳು ಕೆಲಸ ಮಾಡುತ್ತಿರುವಷ್ಟು ಹೊತ್ತೂ ಬಾಯಿಗಳು ಗಟ್ಟಿಯಾಗಿ ಮಗ್ಗಿ ಹೇಳುತ್ತಿರಬೇಕು. ಯಾವ ಬಾಯಿ ನಿಂತಿತೋ ಅದರಲ್ಲಿ ಬೆಲ್ಲ ಇದೆ. ನಾನು ಬೆತ್ತ ಹಿಡಿದು ವರ್ಷವಿಡೀ ಕಲಿಸಲಾಗದ ಹದಿನಾರರ ಮಗ್ಗಿ ಆ ಜಗಲಿಯಲ್ಲಿ ಎಳ್ಳು ಹುರಿಯುವಷ್ಟರಲ್ಲಿ ಬಾಯಿಗೆ ಬರುತ್ತಿತ್ತು. ಜನವರಿಯಲ್ಲಿ ಇನ್‌ಸ್ಪೆಕ್ಟರು ಬಂದು ನನ್ನ ತರಗತಿಯ ಲೆಕ್ಕವನ್ನು ಹೊಗಳಿದರು. ನಾನು ವಿನಯದಿಂದ ತಲೆ ಬಾಗಿಸಿದೆ. ಬೇರೆಯವರ ಕೀರ್ತಿಗೆ ಬಾಗುವಾಗ ತಲೆ ಇನ್ನಷ್ಟು ಸುಲಭವಾಗಿ ಬಾಗುತ್ತದೆ.

ಆ ಮಕ್ಕಳಲ್ಲಿ ನಾಗು ಎಂಬವಳೊಬ್ಬಳು. ಎದುರು ಸಾಲಿನ ಮನೆಯ ಹುಡುಗಿ. ಒಂಬತ್ತರ ಒಳಗೇ ಸಕ್ಕರೆಗೆ ಬಡ್ತಿ ಪಡೆದವಳು. ಬಾಣಲೆ ಇಳಿಸುವುದು, ತಿರುವುವುದು, ಹೊಯ್ಯುವುದು ಎಲ್ಲವೂ ಅವಳ ಕೈಯಲ್ಲಿ ಚೆಲ್ಲದೆ ಸಿಡಿಯದೆ ಆಗುತ್ತಿತ್ತು. ದೊಡ್ಡಮ್ಮ ಯಾರನ್ನೂ ಹೊಗಳುವವರಲ್ಲ. ಆದರೆ ನಾಗು ಹೊಯ್ದ ಅಚ್ಚನ್ನು ಬಿಚ್ಚಿದಾಗ ಅವರ ಬೀಗದ ಕೈ ಸಣ್ಣಗೆ ಅಲುಗುತ್ತಿತ್ತು. ನಾಗುವಿನ ಬೆನ್ನಿಗೆ ಯಾವಾಗಲೂ ಅವಳ ತಮ್ಮ ಗುಂಡ ಅಂಟಿಕೊಂಡಿರುತ್ತಿದ್ದ. ನಾಲ್ಕು ವರ್ಷದವನು. ಕಡಲೆಕಾಯಿಯ ಕೆಲಸಕ್ಕೂ ಇನ್ನೂ ಅರ್ಹನಲ್ಲ.

ಆ ವರ್ಷ ಅಚ್ಚು ಹೊಯ್ಯುವ ದಿನ ಒಂದು ಗಿಳಿಯ ಬಾಲ ಅಚ್ಚಿನಲ್ಲೇ ಉಳಿದು ಮುರಿಯಿತು. ಮುರಿದದ್ದನ್ನು ಮತ್ತೆ ಪಾಕಕ್ಕೆ ಹಾಕುವುದು ಪದ್ಧತಿ. ಗುಂಡ ಅದನ್ನು ನೋಡಿ ಅಳತೊಡಗಿದ. ದೊಡ್ಡಮ್ಮ ಒಳಗೆ ಹಾಲು ತರಲು ಹೋಗಿದ್ದರು. ಬರುವಷ್ಟರಲ್ಲಿ ನಾಗು ಜಗಲಿಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕೂತು, ಗಿಳಿಯನ್ನು ಲಂಗದ ಅಂಚಿನಲ್ಲಿ ಸುತ್ತಿ, ಬಟ್ಟೆಯ ಮೇಲಿಂದ ಹಲ್ಲಿನಲ್ಲಿ ಕಚ್ಚಿ ಎರಡು ಮಾಡಿದ್ದಳು. ಒಂದು ಚೂರು ಗುಂಡನ ಬಾಯಲ್ಲಿತ್ತು. ಇನ್ನೊಂದು ಅವಳ ಬಾಯಿಗೆ ಹೊರಟಿತ್ತು.

"ಏನೇ ಅದು!"

ಮಗ್ಗಿ ಹದಿಮೂರೇಳಲ್ಲಿ ನಿಂತಿತು. ನಾನು ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ.

"ಕಾಗೆ ಎಂಜಲು ಮಾಡ್ದೆ, ದೊಡ್ಡಮ್ಮ. ಬಟ್ಟೆ ಅಡ್ಡ ಇತ್ತು. ಬಾಯಿ ತಾಗ್ಲಿಲ್ಲ."

ಕಾಗೆ ಎಂಜಲೆಂದರೆ ಮಕ್ಕಳ ಧರ್ಮಶಾಸ್ತ್ರದ ಬಹುದೊಡ್ಡ ಸಂಶೋಧನೆ. ಒಂದೇ ಮಾವಿನಕಾಯಿ, ಒಂದೇ ಪೆಪ್ಪರಮೆಂಟು ಇಬ್ಬರಿಗೆ ಬೇಕಾದಾಗ ಬಟ್ಟೆ ಅಡ್ಡವಿಟ್ಟು ಕಚ್ಚಿದರೆ ಎಂಜಲಿನ ದೋಷವಿಲ್ಲ. ಎಲ್ಲರೂ ಚಿಕ್ಕಂದಿನಲ್ಲಿ ಅದರಿಂದ ಬದುಕಿದವರೇ. ಮೀಸೆ ಬಂದ ಮೇಲೆ, ಬೀಗದ ಕೈ ಬಂದ ಮೇಲೆ, ಆ ಶಾಸ್ತ್ರ ಮರೆತುಹೋಗುತ್ತದೆ.

"ಕಾಗೆ ಎಂಜಲು ನಿಮ್ಮ ಶಾಸ್ತ್ರ. ಇದು ನನ್ನ ಮನೆ. ದೇವರಿಗೆ ತೋರಿಸೋಕೆ ಮುಂಚೆ ನಾಲಿಗೆಗೆ ಹಾಕೋಕೆ ಹೊರಟಿದ್ಯಲ್ಲ, ಇದನ್ನೇ ಏನೇ ನಾನು ಕಲಿಸಿದ್ದು?"

"ಅವನು ಅಳ್ತಿದ್ದ..."

"ಅಳ್ತಾನೆ! ಅತ್ತರೆ ದೇವರಿಗಿಂತ ಮುಂಚೆ ತಿನ್ನಬೇಕಾ? ಇಷ್ಟು ಜನ ಬಾಯಿ ಕಟ್ಟಿ ಕೂತಿಲ್ವಾ? ನಾನು ಕೂತಿಲ್ವಾ?"

ನಾಗು ತಲೆಯೆತ್ತಿ ದೊಡ್ಡಮ್ಮನನ್ನು ನೋಡಿದಳು. ಬಾಯಿ ತೆರೆದಳು. ಮಿಕ್ಕ ಮಕ್ಕಳನ್ನೊಮ್ಮೆ ನೋಡಿದಳು. ಬಾಯಿ ಮುಚ್ಚಿಕೊಂಡಳು. ಹುಡುಗಿಗೆ ಉತ್ತರ ತೋಚಲಿಲ್ಲ ಎಂದು ನಾನು ಅಂದುಕೊಂಡೆ. ಉತ್ತರ ತೋಚದ ಮಕ್ಕಳನ್ನು ದಿನವೂ ನೋಡುವುದು ನನ್ನ ವೃತ್ತಿ. ಅದರಲ್ಲಿ ನನಗೆ ತಪ್ಪಾಗದೆಂಬ ಭರವಸೆಯಿತ್ತು.

ತೀರ್ಪು ಅಲ್ಲೇ ಆಯಿತು. ಆ ಹೊತ್ತಿನ ತನಕ ಹೊಯ್ದದ್ದೆಲ್ಲ ಹಸುವಿನ ಬಾನಿಗೆ ಬಿತ್ತು. ಹಸು ಯಾವ ವಿಚಾರಣೆಯನ್ನೂ ನಡೆಸದೆ ಆನೆ, ಮಂಟಪ, ಬೃಂದಾವನಗಳನ್ನು ಸಮನಾಗಿ ತಿಂದಿತು. ನಾಗುವಿಗೆ, "ಈ ಸಲ ನೀನು ಎಳ್ಳು ಬೀರೋಕೆ ಬರಬೇಡ" ಎಂದಾಯಿತು.

ದೊಡ್ಡವರಿಗೆ ಇದು ಸಣ್ಣ ಶಿಕ್ಷೆಯಾಗಿ ಕಾಣಬಹುದು. ಸಂಕ್ರಾಂತಿಯ ಸಂಜೆ ಹೊಸ ಲಂಗ ಉಟ್ಟು, ಜಡೆಗೆ ಹೂ ಮುಡಿದು, ತಟ್ಟೆಗೆ ಕಸೂತಿ ಬಟ್ಟೆ ಮುಚ್ಚಿ, ಮನೆಮನೆಗೆ ಹೋಗಿ ಎಳ್ಳು ಕೊಟ್ಟು "ಒಳ್ಳೆ ಮಾತಾಡಿ" ಎನ್ನುವುದು ಹುಡುಗಿಯರಿಗೆ ವರ್ಷದ ಪಟ್ಟಾಭಿಷೇಕ. ಆ ಸಂಜೆ ಬೀದಿಯ ಹುಡುಗಿಯರೆಲ್ಲ ಸಾಲಾಗಿ ಹೊರಟರು. ನಾಗುವಿಗೂ ಹಸಿರು ಲಂಗ ಹೊಲಿಸಿದ್ದರು. ಅವಳು ಅದನ್ನು ಉಟ್ಟುಕೊಂಡು ತನ್ನ ಮನೆಯ ಜಗಲಿಯ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಮಂಡಿಯ ಮೇಲೆ ಕೈಯಿಟ್ಟುಕೊಂಡು, ಲಂಗ ಸುಕ್ಕಾಗದ ಹಾಗೆ ಕೂತಿದ್ದಳು. ದೊಡ್ಡಮ್ಮ ಬಾಗಿಲಿಂದ ಅದನ್ನು ನೋಡಿ, "ಕಲೀಲಿ" ಎಂದು ಒಳಗೆ ಹೋದರು.

ಯುಗಾದಿ ಕಳೆದ ಮೇಲೆ ನಾಗುವಿನ ಅಪ್ಪನಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಅವರ ಸಂಸಾರ ಹೊರಟಿತು. ಗಾಡಿಯ ಮೇಲೆ ಹಾಸಿಗೆ ಸುರುಳಿ, ಹಂಡೆ, ಅದರ ಮೇಲೆ ನಾಗು. ದೊಡ್ಡಮ್ಮ ದಾರಿಗೆಂದು ಹುರಿಗಡಲೆ ಬೆಲ್ಲದ ಪೊಟ್ಟಣ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಗಾಡಿ ಹತ್ತಿರ ಬಂದಾಗ ನಾಗು ಮುಖವನ್ನು ಹೊಳೆಯ ಕಡೆಗೆ ತಿರುಗಿಸಿಕೊಂಡಳು. ಗಾಡಿ ದಾಟಿತು. ಪೊಟ್ಟಣ ಕೈಯಲ್ಲೇ ಉಳಿಯಿತು. "ಎಷ್ಟು ಕೊಬ್ಬು ನೋಡಿ ಮೇಷ್ಟ್ರೇ" ಎಂದು ಅದನ್ನು ನನಗೆ ಕೊಟ್ಟರು. ಬೇರೆಯವರಿಗೆಂದು ಕಟ್ಟಿದ ಪೊಟ್ಟಣ ತಿನ್ನುವುದು ಬಾಡಿಗೆದಾರನ ಹಕ್ಕುಗಳಲ್ಲೊಂದು. ತಿಂದೆ.

ಮರುವರ್ಷ ಮತ್ತೆ ಮಂಜು, ಮತ್ತೆ ಮಗ್ಗಿ. ಸಕ್ಕರೆಯ ಹುದ್ದೆಗೆ ಸರೋಜ ಎಂಬ ಹುಡುಗಿ ಬಂದಿದ್ದಳು. ಕಡಲೆಕಾಯಿಗೆ ಹೊಸದಾಗಿ ಸೇರಿದ್ದವನು ಪುಟ್ಟ, ಅರ್ಚಕರ ಮೊಮ್ಮಗ. ದೊಡ್ಡಮ್ಮ ಪಾಕದ ಹನಿಯನ್ನು ಬೆರಳಲ್ಲಿ ಎಳೆದು ನೋಡಿದರು. "ಹೂಂ, ಇಳಿಸು" ಎಂದರು. ಪುಟ್ಟ ಮೊರ ಕೆಳಗಿಟ್ಟ.

"ದೊಡ್ಡಮ್ಮ, ನೀವು ಮಾತ್ರ ನೆಕ್ಕಬಹುದಾ?"

"ಏನನ್ನೋ?"

"ಬೆರಳನ್ನ."

ದೊಡ್ಡಮ್ಮ ತಮ್ಮ ಕೈ ನೋಡಿಕೊಂಡರು. ಹೆಬ್ಬೆರಳು ಒದ್ದೆಯಾಗಿತ್ತು. ಅಂಟು ಇರಲಿಲ್ಲ.

ಜಗಲಿಯಲ್ಲಿ ಮಗ್ಗಿ ನಿಂತಿತು. ಯಾರ ಬಾಯಲ್ಲೂ ಬೆಲ್ಲವಿರಲಿಲ್ಲ.

"ನಾನು ನೆಕ್ಕಿದ್ನಾ?"

ಎಲ್ಲರೂ ನೆಲ ನೋಡುತ್ತಿದ್ದರು. "ಸರೋಜ, ನೀನು ಹೇಳೇ. ಈಗ ನೆಕ್ಕಿದ್ನಾ?"

"ಹೂಂ ದೊಡ್ಡಮ್ಮ."

"ಇದೇ ಮೊದಲಾ?"

ಸರೋಜ ಸೌಟಿನ ಹಿಡಿಯನ್ನು ಉಜ್ಜುತ್ತ ನಿಂತಳು. "ಯಾವಾಗ್ಲೂ. ಹದ ನೋಡಿದಾಗಲೆಲ್ಲ."

"ಎಲ್ಲರಿಗೂ ಗೊತ್ತಿತ್ತಾ?"

"ಹೂಂ."

"ಯಾಕೆ ಒಬ್ಬರೂ ಬಾಯಿ ಬಿಡ್ಲಿಲ್ಲ?"

"ನಾಗು ಹೇಳ್ಬೇಡಿ ಅಂದಿದ್ಲು. ಅವಳೇ ಮೊದಲು ನೋಡಿದ್ದು. ದೊಡ್ಡಮ್ಮಂಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ, ಯಾರೂ ಹೇಳ್ಬೇಡಿ ಅಂತ ಆಣೆ ಹಾಕ್ಸಿದ್ಲು."

ದೊಡ್ಡಮ್ಮ ಆ ಹೆಬ್ಬೆರಳನ್ನು ಸೆರಗಿನಿಂದ ಒರೆಸುತ್ತ ಕೂತರು. ಯಾರೂ ಇಳಿಸದೆ ಒಲೆಯ ಮೇಲೆ ಪಾಕ ಹದ ಮೀರಿ, ಬೆಳ್ಳಗಾಗಿ, ಬಾಣಲೆಯಲ್ಲೇ ಗಟ್ಟಿಯಾಯಿತು. ಆ ಮನೆಯಲ್ಲಿ ಪಾಕ ಕೆಟ್ಟದ್ದು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಎದ್ದು, ಹೊಯ್ದಿಟ್ಟಿದ್ದ ಅಚ್ಚುಗಳ ತಟ್ಟೆಯನ್ನು ತಾವೇ ಎತ್ತಿಕೊಂಡು ಹೋಗಿ ಹಸುವಿನ ಬಾನಿಗೆ ಹಾಕಿದರು. ಕಾನೂನು ಕಾನೂನೇ. ಹಸುವಿಗೆ ಆ ಮನೆಯ ನ್ಯಾಯಪದ್ಧತಿಯ ಮೇಲೆ ಗೌರವ ಬೆಳೆಯುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಬಂದ ಯಜಮಾನರನ್ನು ತಡೆದು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ.

"ಪಾಕ ನೋಡಿದ ಮೇಲೆ ನಾನು ಬೆರಳು ನೆಕ್ತೀನಾ?"

"ನೆಕ್ತೀಯ."

"ನಿಮಗೂ ಗೊತ್ತಿತ್ತಾ!"

"ಮದುವೆಯಾದ ವರ್ಷವೇ ನೋಡಿದ್ದೆ. ತಿನ್ನೋ ದೇವರೇ ಸುಮ್ಮನಿದ್ದಾನೆ, ನಾನ್ಯಾಕೆ ಮಾತಾಡ್ಲಿ ಅಂತ ಸುಮ್ಮನಾದೆ." ಅವರು ಕೈ ತೊಳೆಯಲು ಹೋದರು.

ದೊಡ್ಡಮ್ಮ ನನ್ನ ಕಡೆ ತಿರುಗಿದರು. "ನೀವು ನೋಡಿದ್ರಾ ಮೇಷ್ಟ್ರೇ?"

"ನಾನು ಪಾಕ ನೋಡ್ತಿದ್ದೆ" ಎಂದೆ. ಅದು ನಿಜ. ಕಿಟಕಿಯಲ್ಲಿ ನಿಂತಾಗ ನನ್ನ ಕಣ್ಣು ಇರುತ್ತಿದ್ದದ್ದು ಬಾಣಲೆಯ ಮೇಲೆಯೇ. ಆದರೆ ನಿಜ ಹೇಳಿದ ಸಮಾಧಾನ ಸಿಗಲಿಲ್ಲ.

ಬೀದಿಗೆಲ್ಲ ಎಂಜಲು ಉಣ್ಣಿಸಿದೆನೆಂದು ಅವರು ಕೊರಗುತ್ತಾರೆಂದು ನಾನು ಎಣಿಸಿದ್ದೆ. ಪ್ರಾಯಶ್ಚಿತ್ತಕ್ಕೆ ಅರ್ಚಕರ ಹತ್ತಿರ ಹೋದರು, ಅದೂ ನಿಜ. ಅರ್ಚಕರು ಒಂದು ಕಾಯಿ ಒಡೆಸಿ, ಆ ಕಾಯಿಯ ಅರ್ಧ ತಾವಿಟ್ಟುಕೊಂಡು, ದೋಷ ಕಳೆಯಿತೆಂದರು. ಆದರೆ ಮರುದಿನ ಎಳ್ಳು ಆರಿಸುತ್ತ ಕೂತಿದ್ದವರು ಇದ್ದಕ್ಕಿದ್ದಂತೆ ನನ್ನನ್ನು ಕರೆದು ಹೇಳಿದರು:

"ಎಂಜಲಿನದೇನು ದೊಡ್ಡದಲ್ಲ ಮೇಷ್ಟ್ರೇ. ಅದು ಕಾಯಿ ಒಡೆದ್ರೆ ಹೋಯ್ತು. ನಾನು 'ನಾನು ಬಾಯಿ ಕಟ್ಟಿ ಕೂತಿಲ್ವಾ' ಅಂತ ಕೇಳ್ದೆ. ಅವಳು ಬಾಯಿ ತೆಗೆದ್ಲು. ನೀವೂ ನೋಡಿದ್ರಲ್ಲ? ಆಮೇಲೆ ಮುಚ್ಕೊಂಡ್ಲು. ಅಷ್ಟು ಜನರ ಮುಂದೆ ಒಂದು ಮಾತು ಅಂದಿದ್ರೆ ನನ್ನ ಮರ್ಯಾದೆ ಬಾನಿಗೆ ಬೀಳ್ತಿತ್ತು. ಅದು ಬೀಳಬಾರ್ದು ಅಂತ ಆ ಮಗು ಹೊಸ ಲಂಗ ಉಟ್ಕೊಂಡು ಜಗಲಿ ಮೇಲೆ ಕೂತಿತ್ತು. ನಾನು 'ಕಲೀಲಿ' ಅಂದೆ."

ನಾನೂ ಎಳ್ಳಿನಲ್ಲಿ ಕಲ್ಲು ಹುಡುಕತೊಡಗಿದೆ. ಉತ್ತರ ತೋಚದ ಮಕ್ಕಳ ಬಗ್ಗೆ ನನಗಿದ್ದ ಪಾಂಡಿತ್ಯವನ್ನು ಮೇಲೆಯೇ ಹೇಳಿದ್ದೇನೆ.

ಆ ವರ್ಷದ ಅಚ್ಚುಗಳನ್ನು ಪೂರ್ತಿ ಮಕ್ಕಳೇ ಮಾಡಿದವು. ದೊಡ್ಡಮ್ಮ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಸಿಲ ಮೇಲೆ ಕೂತಿದ್ದರು. "ಹದ ಬಂತಾ ದೊಡ್ಡಮ್ಮ?" ಎಂದರೆ, "ನೀವೇ ನೋಡಿ" ಎನ್ನುತ್ತಿದ್ದರು. ಹೀಗಾಗಿ ಮಂಟಪಕ್ಕೆ ಮೂರೇ ಕಂಬ ಬಂದವು. ಆನೆಗೆ ಸೊಂಡಿಲು ಬರಲೇ ಇಲ್ಲ. ಆ ವರ್ಷದಿಂದ ಸಾಯುವ ತನಕ ಅವರು ಪಾಕಕ್ಕೆ ಬೆರಳು ಹಾಕಲಿಲ್ಲವಂತೆ. ಕೊನೆಕೊನೆಗೆ ಕಣ್ಣು ಮಂಜಾದ ಮೇಲೂ ಹೊಸಿಲ ಮೇಲೆ ಹಾಗೆಯೇ, ಕೈ ಸುತ್ತಿಕೊಂಡು ಕೂರುತ್ತಿದ್ದರೆಂದು ಕೇಳಿದ್ದೇನೆ.

ಆ ವರ್ಷದ ಸಂಕ್ರಾಂತಿಯ ಬೆಳಿಗ್ಗೆ ನನ್ನ ಕೋಣೆಯ ಮುಂದೆ ಬೀಗದ ಕೈ ಸದ್ದಾಯಿತು. ಎದ್ದು ನಿಂತೆ.

"ಭದ್ರಾವತಿಗೆ ಹೋಗಬೇಕು. ಮಂಡಿ ಬಿಟ್ಟು ಇವರು ಬರಲ್ಲ. ನೀವು ಬನ್ನಿ."

ರೈಲಿನಲ್ಲಿ ಅವರು ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತರು. ಸ್ವಲ್ಪ ದೂರ ಹೋದ ಮೇಲೆ ಕೇಳಿದರು:

"ಮೇಷ್ಟ್ರೇ, ದೊಡ್ಡವರು ಚಿಕ್ಕವರ ಹತ್ರ ತಪ್ಪಾಯ್ತು ಅನ್ನಬಹುದಾ?"

"ಅನ್ನಬಹುದು ದೊಡ್ಡಮ್ಮ. ಅಂದವರನ್ನ ಮಾತ್ರ ನಾನು ನೋಡಿಲ್ಲ."

"ಅನ್ನಬಾರ್ದು. ದೊಡ್ಡವರು ಕೈ ಮುಗಿದ್ರೆ, ತಪ್ಪಾಯ್ತು ಅಂದ್ರೆ, ಮಗೂಗೆ ಆಯಸ್ಸು ಕಮ್ಮಿ ಆಗುತ್ತೆ. ನಮ್ಮಜ್ಜಿ ಹೇಳ್ತಿದ್ರು." ಡಬ್ಬಿಯ ಮುಚ್ಚಳ ಭದ್ರವಾಗಿದೆಯೇ ಎಂದು ಒತ್ತಿ ನೋಡಿದರು. "ಹೇಳೋಕೆ ಇರೋದು ಒಂದೇ ಮಾತು. ಅದನ್ನ ಹೇಳೋ ಹಾಗಿಲ್ಲ. ಇನ್ನೇನು ಹೇಳ್ಲಿ?"

ನಾನು ಕಿಟಕಿಯ ಹೊರಗೆ ಗದ್ದೆಗಳನ್ನು ನೋಡಿದೆ. ಉಪಾಧ್ಯಾಯ ವೃತ್ತಿಯಲ್ಲಿ ಇದನ್ನು ಆಲೋಚನೆ ಎನ್ನುತ್ತೇವೆ.

ಭದ್ರಾವತಿಯಲ್ಲಿ ಇಳಿದು, ಹೊಗೆಕೊಳವೆಗಳನ್ನೇ ಗುರುತಾಗಿ ಹಿಡಿದು, ಕೆಲಸಗಾರರ ತಗಡಿನ ಮನೆಗಳ ಸಾಲಿಗೆ ಬಂದೆವು. ಒಣಹಾಕಿದ ಬಟ್ಟೆಗಳ ಮೇಲೆ ಸಣ್ಣ ಕರಿ. ಒಂದು ಬಾಗಿಲಲ್ಲಿ ಪೊಂಗಲ್ ರಂಗೋಲಿ, ಪಕ್ಕದಲ್ಲಿ ತೆಲುಗಿನ ಜಗಳ. ಸಾಲಿನ ತುದಿ ಸಮೀಪಿಸಿದಾಗ ದೊಡ್ಡಮ್ಮ ತಟಕ್ಕನೆ ನಿಂತರು.

ಮಗ್ಗಿ ಕೇಳುತ್ತಿತ್ತು. "ಎರಡೆರಡ್ಲ ನಾಲ್ಕು" ಎಂದು ಒಂದು ಗುಂಪು, "ಈರೆಂಡು ನಾಲು" ಎಂದು ಇನ್ನೊಂದು, "ರೆಂಡು ರೆಳ್ಳು ನಾಲುಗು" ಎಂದು ಮತ್ತೊಂದು. ಮೂರು ಭಾಷೆಯಲ್ಲಿಯೂ ಉತ್ತರ ಒಂದೇ ಬರುತ್ತಿತ್ತು. ಬಾಗಿಲ ಮುಂದೆ ಕಲ್ಲಿನ ಒಲೆ. ಒಲೆಯ ಮೇಲೆ ಬೆಲ್ಲದ ಪಾಕ. ಸುತ್ತ ಆ ಸಾಲಿನ ಮಕ್ಕಳೆಲ್ಲ ಪುರಿ ಉಂಡೆ ಕಟ್ಟಲು ಕೈ ಒದ್ದೆ ಮಾಡಿಕೊಂಡು ಕೂತಿವೆ. ನಡುವೆ ಮಣೆಯ ಮೇಲೆ, ಬೆನ್ನು ನೆಟ್ಟಗೆ ಮಾಡಿಕೊಂಡು ನಾಗು. "ಗುಂಡಾ, ಬಾಯಿ ನಿಂತಿತು!" ಎಂದು ಗದರುತ್ತಿದ್ದಳು. ಸೊಂಟದಲ್ಲಿ ಬೀಗದ ಕೈ ಇರಲಿಲ್ಲ. ಇಲ್ಲವೆಂದು ನೆನಪು ಮಾಡಿಕೊಳ್ಳಬೇಕಾಯಿತು.

ನಮ್ಮನ್ನು ನೋಡಿ ಎದ್ದು ನಿಂತಳು. ನಗಲಿಲ್ಲ. ಅವಳ ತಾಯಿ ಒಳಗಿಂದ ಓಡಿ ಬಂದು, "ಅಯ್ಯೋ ದೊಡ್ಡಮ್ಮ, ಇಷ್ಟು ದೂರ! ಬನ್ನಿ, ಕೂತ್ಕೊಳ್ಳಿ" ಎಂದು ಚಾಪೆ ಕೊಡವಿ, ಕಾಫಿಗೆ ನೀರಿಡಲು ಮತ್ತೆ ಒಳಗೆ ಹೋದಳು. ದೊಡ್ಡಮ್ಮ ಚಾಪೆಯ ಮೇಲೆ ಕೂತು ರೈಲಿನ ವಿಷಯ ಹೇಳಿದರು. ಹೊಗೆಯ ವಿಷಯ ಹೇಳಿದರು. ನಾಗು ಕೇಳಿಸಿಕೊಂಡಳು. ದೊಡ್ಡಮ್ಮ ಡಬ್ಬಿ ತೆರೆದು ಮುಂದಿಟ್ಟರು.

ನಾಗು ಬಗ್ಗಿ ನೋಡಿದಳು. ಆನೆಯನ್ನು ಎತ್ತಿಕೊಂಡಳು. "ಇದು ಯಾರು ಹೊಯ್ದಿದ್ದು? ಪಾಕ ಹದ ಮೀರಿದೆ. ಸೊಂಡಿಲೇ ಇಲ್ಲ."

"ಸರೋಜ. ನಾನು ಹದ ನೋಡೋದು ಬಿಟ್ಟೆ."

"ಯಾಕೆ?"

"ಬೆರಳು ನೆಕ್ತಿದ್ದೆನಂತೆ."

ನಾಗುವಿನ ಮುಖ ಕೆಂಪಾಯಿತು. "ಯಾರು ಹೇಳಿದ್ದು? ಹೇಳ್ಬೇಡಿ ಅಂದಿದ್ದೆ! ಆ ಸರೋಜಾನಾ?"

"ಅವತ್ತು ನೀನಾದ್ರೂ ಅನ್ನಬಹುದಿತ್ತಲ್ಲ, ನಾಗು."

"ಎಲ್ಲರೂ ಇದ್ರಲ್ಲ, ದೊಡ್ಡಮ್ಮ."

ಮಗ್ಗಿ ಯಾವಾಗ ನಿಂತಿತ್ತೋ ಗೊತ್ತಿಲ್ಲ. ಮಕ್ಕಳೆಲ್ಲ ನೋಡುತ್ತಿದ್ದವು. ದೊಡ್ಡಮ್ಮನ ಕೈಗಳು ಮುಗಿಯಲು ಹೊರಟ ಹಾಗೆ ಮಡಿಲಿನಿಂದ ಎದ್ದವು. ಅಜ್ಜಿಯ ಮಾತು ನೆನಪಾಗಿರಬೇಕು. ಎರಡನ್ನೂ ಬಲವಂತವಾಗಿ ಬಿಡಿಸಿ, ಬಲಗೈಯನ್ನು ಮುಂದೆ ಚಾಚಿದರು.

"ಆ ಆನೇನ ಕಾಗೆ ಎಂಜಲು ಮಾಡಿ ಕೊಡು."

ನಾಗು ಬೆಚ್ಚಿದಳು. "ಗುಡಿಗೆ ಹೋಗಿ ಬಂದ್ರಾ? ದೇವರಿಗೆ ತೋರಿಸಿದ್ದಾ?"

"ಇಲ್ಲ."

"ಮತ್ತೆ?"

"ದೇವರು ಆಮೇಲೆ ತಿಂತಾನೆ. ಮೊದಲು ನೀನು."

ನಾಗು ನನ್ನನ್ನು ನೋಡಿದಳು. ಅದೇ ಹಸಿರು ಲಂಗ, ಒಂದು ಮಡಿಕೆ ಬಿಚ್ಚಿ ಉದ್ದ ಮಾಡಿದ್ದು. ಅದರ ಅಂಚಿನಲ್ಲಿ ಆನೆಯನ್ನು ಸುತ್ತಿದಳು. ಹಾಲುಹಲ್ಲು ಬಿದ್ದು ಹೊಸದು ಅರ್ಧ ಬಂದಿತ್ತು. ಪಕ್ಕದ ಹಲ್ಲಿಗಿಟ್ಟ ಮೇಲೆ ಲಟಕ್ಕೆಂದಿತು. ಬಟ್ಟೆ ಬಿಚ್ಚಿ, ಎರಡು ಚೂರುಗಳನ್ನೂ ಅಳೆದು ನೋಡಿ, ದೊಡ್ಡದನ್ನು ದೊಡ್ಡಮ್ಮನ ಅಂಗೈಯಲ್ಲಿಟ್ಟಳು. ಚಿಕ್ಕದನ್ನು ಗುಂಡನಿಗೆ ಕೊಡಲು ಹೋದಳು.

"ಅವನಿಗೆ ಬೇರೆ ಕೊಡ್ತೀನಿ. ಅದು ನಿಂದು, ತಿನ್ನೇ."

ನಾಗು ತಿಂದಳು. ದೊಡ್ಡಮ್ಮನೂ ತಿಂದರು. ಗಟ್ಟಿಯಾದ ಸಕ್ಕರೆ, ಕರಗಲು ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ದೊಡ್ಡಮ್ಮನ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ತಿಂದು ಮುಗಿದ ಮೇಲೆ ಅಂಗೈಯಲ್ಲಿ ಉಳಿದಿದ್ದ ಪುಡಿಯನ್ನು ನೋಡಿದರು. ಹೆಬ್ಬೆರಳು ತೋರುಬೆರಳಿನಲ್ಲಿ ಅದನ್ನು ಒಟ್ಟುಮಾಡಿದರು. ಬಾಯಿಗೆ ಹಾಕಿಕೊಂಡರು. ಆಮೇಲೆ, ತಮಗೇ ತಿಳಿಯದೆ, ಎರಡೂ ಬೆರಳುಗಳನ್ನು ಒಂದಾದ ಮೇಲೊಂದು ನೆಕ್ಕಿದರು.

ಗುಂಡ ನೋಡಿದ. ಏನೋ ಹೇಳಲು ಬಾಯಿ ತೆರೆದ. ನಾಗು ಅವನ ತೊಡೆ ಚಿವುಟಿ, ಉಳಿದ ಮಕ್ಕಳ ಕಡೆ ತಿರುಗಿ, "ಎರಡ್ಮೂರ್ಲ?" ಎಂದಳು.

"ಆರು" ಎಂದು ಎಲ್ಲರೂ ಕೂಗಿದರು. ನಾನೂ ಕೂಗಿದೆ.